ಚಿರಾಲಿಯಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ಪರವಾನಗಿ ಫಲಕ ನೋಡಿಕೊಳ್ಳಿ

ಟರ್ಕಿಯ ಅಂಟಾಲ್ಯ ಪ್ರಾಂತ್ಯದಲ್ಲಿರುವ ಚಿರಾಲಿ ಎಂಬ ಕಡಲತೀರದ ಹಳ್ಳಿಗೆ ರಜೆಗೆ ಹೊರಟವರು, ಪಾನ್ಸಿಯೋನ್ ಎಂದು ಕರೆಯುವ ಅಲ್ಲಿನ ಸಣ್ಣ ವಸತಿಗೃಹಗಳನ್ನು ಬಿಟ್ಟು ಖಾಸಗಿ ಮನೆಯನ್ನು ಹಿಡಿಯುವುದಾದರೆ, ಆ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆ ಕೊಡಲು ಸರ್ಕಾರದ ಪರವಾನಗಿ ಇದೆಯೇ ಎಂಬುದನ್ನು ಮುಂಗಡ ಕಳುಹಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಜೂನ್ ತಿಂಗಳಿನಲ್ಲಿ ನಮ್ಮ ಕುಟುಂಬಕ್ಕೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹಳ್ಳಿಯ ಬಗ್ಗೆ ನನ್ನದೇನೂ ದೂರಿಲ್ಲ. ಮೂರು ಕಿಲೋಮೀಟರಿಗೂ ಉದ್ದದ ದಂಡೆ, ಅದರ ಒಂದು ತುದಿಯಲ್ಲಿ ಒಲಿಂಪೋಸ್ ಎಂಬ ಪುರಾತನ ನಗರದ ಅವಶೇಷಗಳು, ಊರಿನ ಹಿಂದಿನ ಗುಡ್ಡದಲ್ಲಿ ಕಲ್ಲಿನ ಸಂದುಗಳಿಂದ ಹೊರಬರುವ ಮೀಥೇನ್ ಅನಿಲ ಹಗಲೂ ರಾತ್ರಿ ಉರಿಯುವ ಯಾನಾರ್‌ತಾಶ್. ಮೇ ತಿಂಗಳಿನಿಂದ ಕಡಲಾಮೆಗಳು ಈ ದಂಡೆಗೆ ಬಂದು ಮೊಟ್ಟೆಯಿಡುವುದರಿಂದ ರಾತ್ರಿ ಕಡಲಿನ ಕಡೆಗೆ ಪ್ರಖರವಾದ ದೀಪ ಹಚ್ಚುವಂತಿಲ್ಲ. ದೊಡ್ಡ ಹೋಟೆಲುಗಳಿಲ್ಲದ ಈ ಶಾಂತಿಯನ್ನು ಮೆಚ್ಚಿಯೇ ಜರ್ಮನಿಯಲ್ಲಿರುವ ಮಗಳು ಮತ್ತು ಅಳಿಯ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಆದರೆ ಕತ್ತಲಾದ ಮೇಲೆ ಇರಲು ಜಾಗವಿಲ್ಲದೆ ಅಲ್ಲಿ ನಿಲ್ಲುವ ಪ್ರಸಂಗ ಬಂದರೆ ಅದೇ ಶಾಂತಿ ಕಷ್ಟಕ್ಕೆ ಕಾರಣವಾಗುತ್ತದೆ.

ಅಂಟಾಲ್ಯ ಬಸ್ ನಿಲ್ದಾಣದಿಂದ ಹೊರಡುವ ಮಿನಿಬಸ್ಸು ಹೆದ್ದಾರಿಯ ಕವಲಿನಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಅಲ್ಲಿಂದ ಹಳ್ಳಿಗೆ ಸುಮಾರು ಏಳು ಕಿಲೋಮೀಟರ್ ಇಳಿಜಾರಿನ ತಿರುವು ರಸ್ತೆ. ಕವಲಿನಲ್ಲಿ ಕಾರು ತಂದು ಕಾಯುತ್ತಿದ್ದ ಮನೆಯ ಮಾಲೀಕ ನಮ್ಮನ್ನು ಕಡಲಿನ ಕಡೆಗೆ ಇಳಿಸದೆ, ಉಲುಪಿನಾರ್ ಕಡೆಯ ಗುಡ್ಡದ ಮೇಲಿದ್ದ ಬೇರೊಂದು ಮನೆಗೆ ಕರೆದೊಯ್ದ. ಜಾಹೀರಾತಿನಲ್ಲಿದ್ದ ಮನೆಯ ನೀರಿನ ಪಂಪು ಕೆಟ್ಟಿದೆ, ಇದು ಅದಕ್ಕಿಂತ ತಂಪಾದ ಜಾಗ ಎಂಬುದು ಅವನ ಸಮಜಾಯಿಷಿ. ಎರಡು ಕೋಣೆಗಳಲ್ಲಿ ಒಂದಕ್ಕೆ ಬೀಗ ಹಾಕಿತ್ತು. ಫ್ರಿಜ್ಜಿನಲ್ಲಿ ಯಾರೋ ತಿಂದು ಉಳಿಸಿದ ಆಲಿವ್ ಮತ್ತು ಚೀಸ್ ಇದ್ದವು. ಒಲೆ ಇತ್ತು, ಸಿಲಿಂಡರ್ ಇರಲಿಲ್ಲ. ಮೊಮ್ಮಗನಿಗೆ ಅನ್ನ ಮಾಡಲೆಂದು ನನ್ನ ಹೆಂಡತಿ ತಂದಿದ್ದ ಅಕ್ಕಿಯ ಪೊಟ್ಟಣ ಚೀಲದಲ್ಲೇ ಉಳಿಯಿತು.

ಇಷ್ಟನ್ನು ಹೇಗೋ ಸಹಿಸಬಹುದಿತ್ತೇನೋ. ಅಳಿಯ ಎಲ್ಲರ ಪಾಸ್‌ಪೋರ್ಟುಗಳನ್ನು ಮುಂದೆ ಚಾಚಿದಾಗ ಆತ ಬೇಡವೆಂದು ಕೈಯಾಡಿಸಿದ. ಬಾಕಿ ಹಣವನ್ನು ಮಾತ್ರ ಯೂರೋ ನೋಟುಗಳಲ್ಲಿ, ಆಗಲೇ, ರಸೀದಿಯಿಲ್ಲದೆ ಕೊಡಬೇಕೆಂದ. ನಂತರ ಫೋನಿನಲ್ಲಿ ಏನನ್ನೋ ಬರೆದು ಅದರ ಇಂಗ್ಲಿಷ್ ಅನುವಾದವನ್ನು ನಮಗೆ ತೋರಿಸಿದ: ಜಂಡರ್ಮಾ ಬಂದು ವಿಚಾರಿಸಿದರೆ ನೀವು ನನ್ನ ಸ್ನೇಹಿತರು, ಹಣ ಕೊಟ್ಟಿಲ್ಲ ಎಂದು ಹೇಳಬೇಕು. ಜಂಡರ್ಮಾ ಎಂದರೆ ಆ ದೇಶದ ಹಳ್ಳಿಗಾಡಿನಲ್ಲಿ ಪೊಲೀಸ್ ಕೆಲಸ ನೋಡಿಕೊಳ್ಳುವ ಪಡೆ. ಪರದೇಶದಲ್ಲಿ, ಮಗುವನ್ನು ಕಟ್ಟಿಕೊಂಡು, ಸಮವಸ್ತ್ರದವರ ಮುಂದೆ ಸುಳ್ಳು ಹೇಳುವ ಷರತ್ತಿನ ಮೇಲೆ ರಜೆ ಕಳೆಯಲು ನಮ್ಮಲ್ಲಿ ಯಾರೂ ಒಪ್ಪಲಿಲ್ಲ. ಮುಂಗಡ ವಾಪಸು ಕೊಡಲು ಆತನೂ ಒಪ್ಪಲಿಲ್ಲ.

ಅವನ ಅಂಜಿಕೆಗೆ ಕಾರಣವಿತ್ತು. 2024ರ ಜನವರಿ 1ರಿಂದ ಜಾರಿಯಲ್ಲಿರುವ 7464ನೇ ಸಂಖ್ಯೆಯ ಕಾನೂನಿನ ಪ್ರಕಾರ, ಟರ್ಕಿಯಲ್ಲಿ 100 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವವರು ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಪಡೆದು, ಅದರ ಫಲಕವನ್ನು ಬಾಗಿಲ ಬಳಿ ಹಾಕಿರಬೇಕು. ಅಪಾರ್ಟ್‌ಮೆಂಟಾದರೆ ಉಳಿದ ಫ್ಲ್ಯಾಟುಗಳ ಮಾಲೀಕರೆಲ್ಲರ ಒಪ್ಪಿಗೆಯೂ ಬೇಕು. ಪರವಾನಗಿಯಿಲ್ಲದೆ ಬಾಡಿಗೆ ಕೊಟ್ಟರೆ ದಂಡವಿದೆ; 2024ರಲ್ಲಿ ಕಾನೂನು ಜಾರಿಗೆ ಬಂದಾಗ ಅದು ಒಂದು ಲಕ್ಷ ಲೀರಾದಿಂದ ಆರಂಭವಾಗುತ್ತಿತ್ತು. ತಂಗುವವರ ಗುರುತಿನ ವಿವರಗಳನ್ನು ಪೊಲೀಸರಿಗೆ ಇಲ್ಲವೇ ಜಂಡರ್ಮಾಗೆ ತಿಳಿಸುವುದೂ ಕಡ್ಡಾಯವಾಗಿರುವುದರಿಂದ, ಪಾಸ್‌ಪೋರ್ಟ್ ಬೇಡವೆನ್ನುವ ಮಾಲೀಕ ನಿಮ್ಮ ಅನುಕೂಲಕ್ಕಾಗಿ ಹಾಗೆನ್ನುತ್ತಿಲ್ಲ ಎಂದೇ ತಿಳಿಯಿರಿ.

ಸಾಮಾನು ಹೊತ್ತು ಕವಲಿಗೆ ಬಂದು, ಡೊಲ್ಮುಶ್ ಎಂಬ ಹಂಚಿಕೆಯ ವ್ಯಾನು ಹಿಡಿದು ಹಳ್ಳಿಗೆ ಇಳಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮಗಳು ಬುಕಿಂಗ್ ಡಾಟ್ ಕಾಮ್ ತೆರೆದರೆ ಅಲ್ಲಿ ಒಂದು ಕೊಠಡಿಯೂ ಸಿಗಲಿಲ್ಲ. ಆ ಜಾಲತಾಣದ ಮೂಲಕ ಟರ್ಕಿಯೊಳಗಿನಿಂದ ಟರ್ಕಿಯ ವಸತಿಯನ್ನು ಕಾಯ್ದಿರಿಸುವುದಕ್ಕೆ 2017ರಲ್ಲೇ ಅಲ್ಲಿನ ನ್ಯಾಯಾಲಯ ತಡೆ ಹಾಕಿದೆಯಂತೆ. ಹೊರಡುವ ಮುನ್ನ ಈ ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಮನೆಮನೆ ವಿಚಾರಿಸುತ್ತಾ ಹೋದಾಗ ಕಿತ್ತಳೆ ತೋಟದ ನಡುವಿನ ಪಾನ್ಸಿಯೋನಿನ ಮಹಿಳೆಯೊಬ್ಬರು ಕೊಠಡಿ ಕೊಟ್ಟರು. ಅವರು ಮೊದಲು ಕೇಳಿದ್ದೇ ಪಾಸ್‌ಪೋರ್ಟುಗಳನ್ನು. ಜುಲೈ, ಆಗಸ್ಟ್ ಆಗಿದ್ದರೆ ನನ್ನಲ್ಲೂ ಜಾಗವಿರುತ್ತಿರಲಿಲ್ಲ ಎಂದರು.

ಮನೆ ಕಾಯ್ದಿರಿಸಿದ್ದ ಜಾಲತಾಣಕ್ಕೆ ದೂರು ಕೊಟ್ಟಾಗ, ಅತಿಥಿಗಳು ತಾವಾಗಿಯೇ ಬಿಟ್ಟುಹೋದರೆಂದು ಮಾಲೀಕ ತಿಳಿಸಿದ್ದಾನೆ ಎಂಬ ಉತ್ತರ ಬಂತು. ಮಗಳು ಖಾಲಿ ಒಲೆ ಮತ್ತು ಬೀಗ ಹಾಕಿದ ಕೋಣೆಯ ಚಿತ್ರ ತೆಗೆದಿಟ್ಟಿದ್ದರಿಂದ ಮುಂಗಡದ ಒಂದು ಭಾಗ ಮಾತ್ರ ಮರಳಿತು. ಉಳಿದದ್ದು ಬರುವ ಲಕ್ಷಣವಿಲ್ಲ.

ಆದ್ದರಿಂದ ಮನೆಯ ಪರವಾನಗಿ ಸಂಖ್ಯೆಯನ್ನೂ ಬಾಗಿಲ ಬಳಿಯ ಫಲಕದ ಚಿತ್ರವನ್ನೂ ಮೊದಲೇ ತರಿಸಿಕೊಳ್ಳಿ. ಸಂಖ್ಯೆ ಸಾಮಾನ್ಯವಾಗಿ ಪ್ರಾಂತ್ಯದ ಸಂಕೇತದಿಂದ ಆರಂಭವಾಗುತ್ತದೆ: ಅಂಟಾಲ್ಯಕ್ಕೆ 07, ಪಕ್ಕದ ಮುಗ್ಲಾ ಪ್ರಾಂತ್ಯಕ್ಕೆ 48. ಮಾತುಕತೆಯೆಲ್ಲ ಜಾಲತಾಣದ ಸಂದೇಶಗಳಲ್ಲೇ ನಡೆಯಲಿ, ಏಕೆಂದರೆ ವಾಟ್ಸಾಪ್‌ನಲ್ಲಿ ಮಾಲೀಕ ಕೊಟ್ಟ ಮಾತುಗಳನ್ನು ದೂರಿನ ವೇಳೆ ಜಾಲತಾಣದವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮನೆ ಬದಲಿಸಿದರೆ ಚೀಲ ಇಳಿಸುವ ಮೊದಲೇ ಚಿತ್ರ ತೆಗೆದು ದೂರು ದಾಖಲಿಸಿ. ಮಾಲೀಕ ಜಗಳಕ್ಕೆ ನಿಂತರೆ 112ಕ್ಕೆ ಕರೆ ಮಾಡಿ, ಜಂಡರ್ಮಾಗೂ ಅದೇ ಸಂಖ್ಯೆ.