ಬೆಂಗೇರಿಯ ಖಾದಿ ಬಾವುಟ: ಎರಡು ರಾಷ್ಟ್ರೀಯ ಹಬ್ಬಗಳ ನಂತರ

ನಮ್ಮೂರ ಶಾಲೆಗೆ ಯಾರೋ ದಾನ ಕೊಟ್ಟಿದ್ದ ಪಾಲಿಯೆಸ್ಟರ್ ಬಾವುಟದ ಚಕ್ರದಲ್ಲಿ 22 ಅರಗಳಿದ್ದವು. ಕಟ್ಟುವ ಮೊದಲು ಎಣಿಸಿದವನು ನಾನೇ. 24 ಇರಬೇಕಲ್ಲ ಎಂದರೆ ಮುಖ್ಯಶಿಕ್ಷಕಿ, "ಕಾಕಾ, ಅಷ್ಟು ಎತ್ತರದಲ್ಲಿ ಯಾರಿಗೆ ಕಾಣುತ್ತದೆ?" ಎಂದರು. ನನಗೆ ಕಂಡಿತಲ್ಲ! ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ ಪಡೆದು 17 ವರ್ಷ ದುಡಿದ ಹವಾಲ್ದಾರ ನಾನು. ಮುಂದಿನ ಪಿಂಚಣಿ ಬಂದ ದಿನವೇ ಖಾದಿ ಬಾವುಟ ತಂದೆ.

ತಂದದ್ದು 900 ಮಿಲಿಮೀಟರ್ ಉದ್ದ, 600 ಅಗಲದ್ದು. ತಯಾರಾದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಭಾರತೀಯ ಮಾನಕ ಬ್ಯೂರೋದ ಸಾವಿರಾರು ಮಾನಕಗಳಲ್ಲಿ ಒಂದನೆಯ ಸಂಖ್ಯೆ ರಾಷ್ಟ್ರಧ್ವಜದ್ದು. ಆ ಅಳತೆಗೆ ತಕ್ಕಂತೆ ಹೊಲಿದ ಬಾವುಟವಿದು. ಕೈಗೆ ಬಟ್ಟೆ ಒರಟು. ಮೂರು ಪಟ್ಟಿಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ ಆಮೇಲೆ ಹೊಲಿದು ಸೇರಿಸಿದ್ದಾರೆ. ಬಿಸಿಲಿಗೆ ಹಿಡಿದು ನೋಡಿದೆ: ಒಂದು ಬದಿಯ ಚಕ್ರದ ಮೇಲೆ ಇನ್ನೊಂದು ಬದಿಯ ಚಕ್ರ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿದೆ. ಅಂಚಿನ ದಪ್ಪ ಪಟ್ಟಿಯೊಳಗೆ ಹಗ್ಗ, ಅದರ ತುದಿಗೆ ಬೆರಳುದ್ದದ ಮರದ ತುಂಡು.

ಕೊಂಡ ಅಂಗಡಿಯ ಬಗ್ಗೆ ಮಾತ್ರ ಒಳ್ಳೆಯ ಮಾತಿಲ್ಲ, ಹೆಸರೂ ಬೇಡ. ಟವೆಲ್ಲುಗಳ ರಾಶಿಯ ಅಡಿಯಿಂದ ಎಳೆದು ಕೊಟ್ಟರು.

ಆಗಸ್ಟ್ 15ರಂದು ಶ್ರಾವಣದ ಜಿಟಿಜಿಟಿ ಮಳೆ. ತೊಯ್ದ ಖಾದಿ ಕಂಬಕ್ಕೆ ಅಂಟಿಕೊಂಡು ನಿಂತಿತು. ಪಾಲಿಯೆಸ್ಟರ್ ಆಗಿದ್ದರೆ ಪಟಪಟ ಹಾರುತ್ತಿತ್ತು, ಒಪ್ಪುತ್ತೇನೆ. ಹಾರಾಟವೇ ಮುಖ್ಯ ಎನ್ನುವವರು ಅಂಕ ಕಡಿಮೆ ಮಾಡಿಕೊಳ್ಳಲಿ.

ಜನವರಿ 26ರದ್ದು ಬೇರೆಯೇ ಪರೀಕ್ಷೆ. ಆ ದಿನ ಬಾವುಟವನ್ನು ಕೆಳಗಿನಿಂದ ಏರಿಸುವುದಿಲ್ಲ. ಮೊದಲೇ ತುದಿಗೆ ಕಟ್ಟಿಟ್ಟು ಬಿಚ್ಚುತ್ತಾರೆ. 1947ರಲ್ಲಿ ಬ್ರಿಟಿಷರ ಬಾವುಟ ಇಳಿದು ನಮ್ಮದು ಏರಿತ್ತು; 1950ರಲ್ಲಿ ಸಂವಿಧಾನ ಜಾರಿಗೆ ಬರುವ ಹೊತ್ತಿಗೆ ಮೇಲಿದ್ದದ್ದು ನಮ್ಮದೇ. ಏಳನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಳುತ್ತಿದ್ದರೆ ಶಿಕ್ಷಕರೂ ಕಿವಿ ನಿಮಿರಿಸಿದರು. ಹೂವಿನ ಪಕಳೆ ತುಂಬಿ ಕಟ್ಟುವಾಗ ಒಂದು ಎಚ್ಚರ ಬೇಕು: ಖಾದಿ ಹಗ್ಗವನ್ನು ಕಚ್ಚಿಕೊಳ್ಳುತ್ತದೆ, ಗಂಟು ಸಡಿಲವಿರಲಿ. ಪಂಚಾಯಿತಿ ಅಧ್ಯಕ್ಷರು ಮೂರು ಸಲ ಜಗ್ಗಿದರೂ ಬಿಚ್ಚಲಿಲ್ಲ. ನಾಲ್ಕನೆಯದಕ್ಕೆ ಪಕಳೆಗಳೆಲ್ಲ ಅವರ ತಲೆಯ ಮೇಲೆ. ಬಾವುಟದ ತಪ್ಪಲ್ಲ, ಗಂಟು ಹಾಕಿದವನು ನಾನು.

ಖಾದಿಯ ಗುಣ ತಿಳಿಯುವುದು ಸಂಜೆ ಇಳಿಸಿ ಮಡಿಸುವಾಗ. ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಸರಿಸಿ, ಎರಡೂ ಕಡೆಯಿಂದ ಮಡಿಸಿದರೆ ಚಕ್ರ ಮೇಲೆ ಉಳಿಯುತ್ತದೆ. ಖಾದಿ ಹಾಕಿದ ಮಡಿಕೆಯಲ್ಲೇ ನಿಲ್ಲುತ್ತದೆ, ಪಾಲಿಯೆಸ್ಟರ್ ಜಾರುತ್ತದೆ. ಸೇವೆಯಲ್ಲಿದ್ದಾಗ ಒಮ್ಮೆ ಜೊತೆಗಾರನ ಶವಪೆಟ್ಟಿಗೆಯ ಪಕ್ಕ ನಿಂತು ಹೀಗೆಯೇ ಮಡಿಸಿದ್ದೇನೆ. ಹೊದಿಸುವಾಗ ಕೇಸರಿ ತಲೆಯ ಕಡೆ ಬರಬೇಕು. ಚಿತೆಯಲ್ಲಿ ಬಾವುಟ ಸುಡುವಂತಿಲ್ಲ, ಮೊದಲೇ ತೆಗೆಯಬೇಕು. ಮಡಿಸಿದ್ದನ್ನು ಅವನ ಅವ್ವನ ಕೈಗೆ ಕೊಟ್ಟೆವು. ತೂಕ ನೋಡುವವರಂತೆ ಅವರು ಅದನ್ನು ಎರಡು ಸಲ ಮೇಲೆ ಕೆಳಗೆ ಮಾಡಿದರು. ಯಾರೂ ಏನೂ ಮಾತನಾಡಲಿಲ್ಲ.

2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರಿಗೂ ಯಂತ್ರದಲ್ಲಿ ತಯಾರಾದ ಬಾವುಟಕ್ಕೂ ಅನುಮತಿ ಕೊಟ್ಟಿದ್ದಾರೆ. ಅಗ್ಗವಾಗಿ ಮನೆಮನೆಗೆ ಬಂದಿತು, ಅದೂ ಸರಿಯೇ. ಆದರೆ ಆಗಸ್ಟ್ 16ರ ಬೆಳಿಗ್ಗೆ ಬಸ್ ನಿಲ್ದಾಣದ ಚರಂಡಿಯ ಬದಿಯಲ್ಲಿ ಏಳು ಬಾವುಟಗಳನ್ನು ಹೆಕ್ಕಿದೆ. ಖಾದಿಯದ್ದು ಹಲವು ಪಟ್ಟು ದುಬಾರಿ, ಹಾಗಾಗಿಯೇ ಯಾರೂ ಬಿಸಾಡುವುದಿಲ್ಲ ಎಂದು ನನ್ನ ಹೆಂಡತಿಯ ವಾದ. ಇರಬಹುದು.

ಆ ದಿನ ತೊಯ್ದ ಬಾವುಟವನ್ನು ಆಕೆ ಅಂಗಳದ ತಂತಿಗೆ, ಲುಂಗಿಗಳ ಪಕ್ಕ ಹಾಕಲು ಹೊರಟಿದ್ದಳು. ತಡೆದೆ. ಒಳಮನೆಯ ಮಂಚದ ಮೇಲೆ ಹರವಿ, ಫ್ಯಾನ್ ಹಾಕಿ ಒಣಗಿಸಿದೆವು. ಆ ರಾತ್ರಿ ನಾವಿಬ್ಬರೂ ಚಾಪೆಯ ಮೇಲೆ ಮಲಗಿದೆವು.