‘ಯುರೋಪ್’ ಎಂದು ಬರೆದಿದ್ದ ಸಿಮ್ ಬಾಸೆಲ್‌ನಲ್ಲಿ ಸತ್ತುಹೋಯಿತು

ಕಳೆದ ಜೂನ್‌ನಲ್ಲಿ ಅಪ್ಪ, ಅಮ್ಮ ಇಬ್ಬರನ್ನೂ ಕರೆದುಕೊಂಡು ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡ್, ಕೊನೆಗೆ ಮಿಲಾನ್ ಅಂತ ಹೊರಟಿದ್ದೆ. ಸ್ವಿಟ್ಜರ್ಲೆಂಡ್ ಗಡಿಯೂರು ಬಾಸೆಲ್‌ನ ರೈಲು ನಿಲ್ದಾಣದಲ್ಲಿ 40 ನಿಮಿಷ ಅಪ್ಪ ಎಲ್ಲಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಅಷ್ಟಕ್ಕೆಲ್ಲ ಕಾರಣ ನಾನು ಪ್ಯಾರಿಸ್‌ನಲ್ಲಿ ಸರಿಯಾಗಿ ವಿಚಾರಿಸದೆ ಕೊಂಡ ಎರಡು ಪ್ರೀಪೇಯ್ಡ್ ಸಿಮ್. ನಮ್ಮೂರಿನ ಕಡೆಯಿಂದ ಇದೇ ದಾರಿಯಲ್ಲಿ ಹೋಗುವವರು ಬಹಳ ಮಂದಿ ಇದ್ದಾರೆ, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗಾರ್ ದು ನಾರ್ ಸ್ಟೇಷನ್ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ಸಿಮ್ ಕೊಂಡೆವು. ಪೊಟ್ಟಣದ ಮೇಲೆ ನೀಲಿ ಬಣ್ಣದಲ್ಲಿ, ನಕ್ಷತ್ರಗಳ ನಡುವೆ ‘ಯುರೋಪ್’ ಅಂತ ದೊಡ್ಡದಾಗಿ ಬರೆದಿತ್ತು. 30 ಜಿಬಿ ಡೇಟಾ, ಜೊತೆಗೆ 10 ಯೂರೋ ಬ್ಯಾಲೆನ್ಸ್. “ನಾವು ಸ್ವಿಟ್ಜರ್ಲೆಂಡ್‌ಗೂ ಹೋಗ್ತೀವಿ, ಅಲ್ಲೂ ನಡೆಯುತ್ತಾ?” ಅಂತ ಕೇಳಿದೆ. ಅಂಗಡಿಯವನು ಪೊಟ್ಟಣದ ಮೇಲಿನ ಆ ಪದವನ್ನೇ ಬೆರಳಿಟ್ಟು ತೋರಿಸಿ ತಲೆಯಾಡಿಸಿದ. ಸ್ವಿಟ್ಜರ್ಲೆಂಡ್ ಯುರೋಪಿನಲ್ಲೇ ತಾನೇ ಇರೋದು ಅಂದುಕೊಂಡೆ. ನಮ್ಮ ವೀಸಾ ಕೂಡ ಒಂದೇ, ಶೆಂಗೆನ್ ವೀಸಾ. ಫ್ರಾನ್ಸ್‌ಗೆ ಕೊಟ್ಟ ವೀಸಾದಲ್ಲೇ ಸ್ವಿಟ್ಜರ್ಲೆಂಡ್, ಇಟಲಿ ಎಲ್ಲ ಸುತ್ತಬಹುದು. ಸಿಮ್ಮಿಗೂ ಅದೇ ಲೆಕ್ಕ ಅಂತ ನಂಬಿಬಿಟ್ಟೆ.

ನಾನು ಎಡವಿದ್ದು ಇಲ್ಲೇ. ಸ್ವಿಟ್ಜರ್ಲೆಂಡ್ 2008ರಿಂದ ಶೆಂಗೆನ್ ಒಳಗಿದೆ, ಹಾಗಾಗಿ ಗಡಿಯಲ್ಲಿ ವೀಸಾ ತೊಡಕಿಲ್ಲ. ಆದರೆ ಅದು ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲ. ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲೂ ಹೆಚ್ಚುವರಿ ದುಡ್ಡಿಲ್ಲದೆ ನಡೆಯಬೇಕು ಅನ್ನುವ ನಿಯಮ 2017ರ ಜೂನ್ 15ರಿಂದ ಜಾರಿಗೆ ಬಂದದ್ದು ಒಕ್ಕೂಟದಲ್ಲಿ. ಅದರ 27 ದೇಶಗಳಲ್ಲಿ, ಜೊತೆಗೆ ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್‌ಗಳಲ್ಲಿ ಈ ನಿಯಮ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಪಕ್ಕದಲ್ಲೇ ಅಂಟಿಕೊಂಡಿರುವ ಅಂಗೈಯಗಲದ ಲಿಕ್ಟನ್‌ಸ್ಟೈನ್ ಇದರೊಳಗಿದೆ, ಸ್ವಿಟ್ಜರ್ಲೆಂಡ್ ಇಲ್ಲ. ಒಕ್ಕೂಟ ಬಿಟ್ಟ ಮೇಲೆ ಬ್ರಿಟನ್‌ಗೂ ಈ ನಿಯಮ ಅನ್ವಯಿಸುವುದಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಈ ಎರಡೂ ದೇಶಗಳನ್ನು ಪ್ಯಾಕಿನಲ್ಲಿ ಸೇರಿಸಿರುತ್ತವೆ, ಕೆಲವು ಸೇರಿಸಿರುವುದಿಲ್ಲ. ಲಂಡನ್, ಪ್ಯಾರಿಸ್, ಸ್ವಿಸ್ ಅಂತ ಒಂದೇ ಟೂರ್ ಮಾಡುವವರು ಇದನ್ನು ಗಮನಿಸಲೇಬೇಕು.

ಇನ್ನೊಂದು ತಪ್ಪನ್ನೂ ಆ ಅಂಗಡಿಯಲ್ಲೇ ಮಾಡಿದೆ. ಅಪ್ಪನ ಮೊಬೈಲ್‌ನಲ್ಲಿ ಎರಡನೇ ಸಿಮ್ ಹಾಕುವ ಜಾಗದಲ್ಲಿ ಮೆಮೊರಿ ಕಾರ್ಡ್ ಇತ್ತು, ಊರಿನ ಫೋಟೋಗಳೆಲ್ಲ ಅದರಲ್ಲೇ. ಅದನ್ನು ತೆಗೆಯುವುದು ಬೇಡ ಅಂತ ಅವರ ಬೆಂಗಳೂರಿನ ಸಿಮ್ ತೆಗೆದು ಫ್ರಾನ್ಸಿನದನ್ನು ಹಾಕಿದೆ. ತೆಗೆದ ಸಿಮ್ಮನ್ನು ಅಮ್ಮ ಕಾಗದದಲ್ಲಿ ಸುತ್ತಿ ತಮ್ಮ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡರು. ನನ್ನ ಮೊಬೈಲ್‌ನಲ್ಲಿ ಮಾತ್ರ ಊರಿನ ಸಿಮ್ ಹಾಗೇ ಉಳಿದಿತ್ತು. ಬ್ಯಾಂಕಿನ ಓಟಿಪಿ ಬರಲಿ ಅಂತ ಹೊರಡುವ ಮುಂಚೆಯೇ ಅದಕ್ಕೆ ರೋಮಿಂಗ್ ಹಾಕಿಸಿದ್ದೆ.

ಪ್ಯಾರಿಸ್‌ನಿಂದ ಬಾಸೆಲ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಗಡಿಗೆ ಮುಂಚೆ ಸಿಗುವ ಫ್ರಾನ್ಸಿನ ಊರು ಮುಲ್ಹೌಸ್ ದಾಟುವವರೆಗೂ ನೆಟ್ ಚೆನ್ನಾಗಿತ್ತು. ಗಡಿ ದಾಟಿದ್ದು ಗೊತ್ತೂ ಆಗಲಿಲ್ಲ. ಫ್ರೆಂಚ್‌ನಲ್ಲಿ ಒಂದು ಮೆಸೇಜ್ ಬಂತು, ಸ್ವಾಗತದ ಮೆಸೇಜ್ ಇರಬೇಕು ಅಂತ ಓದದೆ ಬಿಟ್ಟೆ. ಆಮೇಲೆ ಅನುವಾದ ಮಾಡಿ ನೋಡಿದರೆ, ‘ನೀವು ಪ್ಯಾಕಿನ ವಲಯದಿಂದ ಹೊರಗಿದ್ದೀರಿ, ಇನ್ನು ಮುಂದೆ ಬ್ಯಾಲೆನ್ಸ್‌ನಿಂದ ಹಣ ಕಡಿತವಾಗುತ್ತದೆ’ ಅಂತ ಇತ್ತು. ಅಷ್ಟರಲ್ಲಿ ಐಫೆಲ್ ಗೋಪುರದ ಫೋಟೋಗಳೆಲ್ಲ ತಮ್ಮಷ್ಟಕ್ಕೆ ಅಪ್‌ಲೋಡ್ ಆಗುತ್ತಾ ಎರಡೂ ಸಿಮ್‌ಗಳ ಹತ್ತು ಹತ್ತು ಯೂರೋ ನುಂಗಿಹಾಕಿದ್ದವು. 30 ಜಿಬಿಯಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು, ಆದರೆ ಸ್ವಿಟ್ಜರ್ಲೆಂಡ್‌ನಲ್ಲಿ ಅದರಿಂದ ಒಂದು ಎಂಬಿಯೂ ಸಿಗುವಂತಿರಲಿಲ್ಲ.

ಸ್ವಿಟ್ಜರ್ಲೆಂಡ್‌ನಲ್ಲಿ ನಾವು ಹೋಗಬೇಕಿದ್ದ ಊರು ಇಂಟರ್‌ಲಾಕೆನ್, ಅಲ್ಲಿಯ ರೈಲಿಗೆ ಬಾಸೆಲ್‌ನಲ್ಲಿ ಬದಲಾಯಿಸಬೇಕಿತ್ತು. ಅಪ್ಪ ಶೌಚಾಲಯಕ್ಕೆ ಹೋಗಿ ಬರ್ತೀನಿ ಅಂದರು. ನಾವು ಪ್ಲಾಟ್‌ಫಾರ್ಮ್‌ಗಳ ಮೇಲೆ ಹಾದುಹೋಗುವ ಉದ್ದನೆಯ ಸೇತುವೆಯಲ್ಲಿ ಪೆಟ್ಟಿಗೆಗಳ ಜೊತೆ ಕಾಯುತ್ತಾ ನಿಂತೆವು. ಹತ್ತು ನಿಮಿಷವಾಯಿತು, ಹದಿನೈದಾಯಿತು, ಬರಲಿಲ್ಲ. ಫೋನ್ ಮಾಡಿದೆ, ಕರೆ ಹೋಗಲೇ ಇಲ್ಲ. ವಾಟ್ಸಾಪ್‌ಗೆ ನೆಟ್ ಇಲ್ಲ. ಸ್ಟೇಷನ್ನಿನ ವೈಫೈಗೆ ಸೇರೋಣ ಅಂದರೆ ನಂಬರಿಗೆ ಕೋಡ್ ಕಳಿಸುತ್ತೇನೆ ಅಂತು. ಊರಿನ ನಂಬರ್ ಕೊಡಬಹುದು ಅನ್ನುವುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ, ಫ್ರಾನ್ಸಿನದನ್ನೇ ಕೊಟ್ಟೆ. ಕೋಡ್ ಬರಲಿಲ್ಲ. ಊರಿನ ಸಿಮ್‌ನಿಂದಲೂ ಅಪ್ಪನ ಹೊಸ ನಂಬರಿಗೆ ಪ್ರಯತ್ನಿಸಿದೆ. ಅದನ್ನು ಅಂಗಡಿಯವನು ಬರೆದುಕೊಟ್ಟಂತೆ 06 ಅಂತ ಶುರುವಾಗುವ ಹಾಗೇ ಉಳಿಸಿಕೊಂಡಿದ್ದೆ. ಫ್ರಾನ್ಸ್‌ನ ಹೊರಗೆ ಅದು ನಡೆಯುವುದಿಲ್ಲ, ಸೊನ್ನೆ ತೆಗೆದು ಮುಂದೆ +33 ಹಾಕಬೇಕು. ಹಾಕಿದ್ದರೂ ಪ್ರಯೋಜನವಾಗುತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ವಲಯದ ಹೊರಗೆ ಬರುವ ಕರೆಗೂ ಆ ಸಿಮ್ಮಿನಲ್ಲಿ ದುಡ್ಡು ಕಡಿತ, ಅಪ್ಪನ ಮಾತಿನಲ್ಲೇ ಹೇಳುವುದಾದರೆ “ಕರೆನ್ಸಿ ಖಾಲಿ”.

“ಊಟ ತಡವಾದ್ರೆ ನಿಮ್ಮಪ್ಪನಿಗೆ ಕೈ ನಡುಗತ್ತೆ ಕಣೇ” ಅಂತ ಅಮ್ಮ ಅಷ್ಟೇ ಹೇಳಿದ್ದು. ಅಮ್ಮನನ್ನು ಒಬ್ಬರನ್ನೇ ಬಿಟ್ಟು ಹುಡುಕಲು ಹೋಗುವ ಧೈರ್ಯವೂ ನನಗೆ ಬರಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಊರಿನ ನಂಬರಿಗೆ ಸ್ವಿಟ್ಜರ್ಲೆಂಡ್‌ನ ಕೋಡ್ +41ರಿಂದ ಶುರುವಾಗುವ ನಂಬರಿನಿಂದ ಕರೆ ಬಂತು. ಅಪ್ಪ! ಶೌಚಾಲಯದಿಂದ ಬೇರೆ ಕಡೆ ಹೊರಬಂದು, ನಾವು ಇಳಿದ ಪ್ಲಾಟ್‌ಫಾರ್ಮ್‌ನಲ್ಲೇ ಸಿಗುತ್ತೇವೆ ಅಂತ ಅಲ್ಲಿಗೇ ಇಳಿದುಹೋಗಿದ್ದರು. ಪಕ್ಕದಲ್ಲಿ ಯಾರೋ ತಮಿಳು ಮಾತಾಡುತ್ತಿದ್ದುದು ಕಿವಿಗೆ ಬಿದ್ದಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಶ್ರೀಲಂಕಾದ ತಮಿಳರು ಬಹಳ ಮಂದಿ ನೆಲೆಸಿದ್ದಾರೆ. ಅಪ್ಪ ಕೆಜಿಎಫ್‌ನಲ್ಲಿ ಬೆಳೆದವರು, ತಮಿಳು ಚೆನ್ನಾಗಿ ಬರುತ್ತದೆ. ಅವರ ಫೋನ್ ಕೇಳಿ ಪಡೆದು, ತಮಗೆ ಬಾಯಿಪಾಠವಾಗಿದ್ದ ಒಂದೇ ಒಂದು ನಂಬರಿಗೆ, ನನ್ನ ಬೆಂಗಳೂರಿನ ನಂಬರಿಗೆ ಮಾಡಿದ್ದರು. ಆ ಮಹಾನುಭಾವರು ಅಪ್ಪನನ್ನು ಮೇಲಿನ ಸೇತುವೆಯವರೆಗೂ ಕರೆತಂದು ಬಿಟ್ಟು ಹೋದರು. ಆ ಕರೆಗೆ ರೋಮಿಂಗ್‌ನಲ್ಲಿ ಎಷ್ಟು ಕಡಿತವಾಯಿತು ಅಂತ ನಾನು ಇವತ್ತಿಗೂ ನೋಡಿಲ್ಲ.

ಆದ್ದರಿಂದ ದಯವಿಟ್ಟು ಪೊಟ್ಟಣದ ಮೇಲಿನ ‘ಯುರೋಪ್’ ಪದವನ್ನು ನಂಬಬೇಡಿ. ಯಾವ ಯಾವ ದೇಶ ಅನ್ನುವ ಪಟ್ಟಿ ಒಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ನೀವು ಹೋಗುವ ಪ್ರತಿಯೊಂದು ದೇಶದ ಹೆಸರನ್ನೂ ಅದರಲ್ಲಿ ಬೆರಳಿಟ್ಟು ಓದಿ. ಜಿಬಿ ಲೆಕ್ಕವನ್ನೂ ಅಲ್ಲೇ ನೋಡಿ. ಕೊಂಡ ದೇಶದಲ್ಲಿ ಸಿಗುವಷ್ಟು ಡೇಟಾ ಪಕ್ಕದ ದೇಶದಲ್ಲಿ ಸಿಗದಿರಬಹುದು. ನಮ್ಮ ಸಿಮ್ಮಿನ 30 ಜಿಬಿಯಲ್ಲಿ ಫ್ರಾನ್ಸ್‌ನ ಹೊರಗೆ ಬಳಸಬಹುದಾಗಿದ್ದದ್ದು 12 ಮಾತ್ರ. ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಮೊಬೈಲಿನೊಳಗೇ ಇಳಿಸಿಕೊಳ್ಳುವ ಸಿಮ್ ಕೊಳ್ಳುವವರೂ ಹುಷಾರು. ಬಹಳಷ್ಟು ಇ-ಸಿಮ್‌ಗಳು ಬರೀ ಡೇಟಾ ಕೊಡುತ್ತವೆ, ಮಾತಾಡಲು ನಂಬರ್ ಇರುವುದಿಲ್ಲ. ಅದನ್ನು ಮೊಬೈಲಿಗೆ ಹಾಕಿಕೊಳ್ಳಲೂ ನೆಟ್ ಬೇಕು, ಹಾಗಾಗಿ ಮನೆಯಲ್ಲಿ ಇರುವಾಗಲೇ ಆ ಕೆಲಸ ಮುಗಿಸಿ. ಫೋಟೋ ಅಪ್‌ಲೋಡ್, ವಾಟ್ಸಾಪ್ ಬ್ಯಾಕಪ್ ಎಲ್ಲವನ್ನೂ ವೈಫೈ ಇದ್ದಾಗ ಮಾತ್ರ ಆಗುವಂತೆ ಬದಲಿಸಿಕೊಳ್ಳಿ. ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಿಸಬೇಕೇ ಅಂತ ಕೇಳಿದರೆ ಬೇಡ ಅನ್ನಿ, ಹಳೆಯ ನಂಬರಿನಲ್ಲೇ ನಡೆಯುತ್ತದೆ.

ಹಿರಿಯರ ಊರಿನ ಸಿಮ್ಮನ್ನು ಮಾತ್ರ ಯಾವ ಕಾರಣಕ್ಕೂ ಮೊಬೈಲಿನಿಂದ ತೆಗೆಯಬೇಡಿ. ಮೆಮೊರಿ ಕಾರ್ಡ್ ತೆಗೆದು ಪರ್ಸಿನಲ್ಲಿಡಿ. ಆ ಸಿಮ್ಮಿಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಡೇಟಾ ಮಾತ್ರ ಆಫ್ ಮಾಡಿ. ನಿಮ್ಮ ನಂಬರನ್ನು +91 ಸೇರಿಸಿ ಚೀಟಿಯಲ್ಲಿ ಬರೆದು ಅವರ ಜೇಬಿಗೆ ಹಾಕಿ.

ಇಂಟರ್‌ಲಾಕೆನ್ ಮುಟ್ಟಿದ ಕೂಡಲೇ ಪಾಸ್‌ಪೋರ್ಟ್ ತೋರಿಸಿ ಅಲ್ಲಿಯದೇ ಒಂದು ಸಿಮ್ ಕೊಂಡೆ. ಅಮ್ಮ ಕುಂಕುಮದ ಡಬ್ಬಿಯಿಂದ ಅಪ್ಪನ ಹಳೆಯ ಸಿಮ್ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟರು, ಅದನ್ನು ಅವರ ಮೊಬೈಲಿಗೆ ಹಾಕಿದೆ. ಅದಕ್ಕೂ ಊರಿನಿಂದ ಹೊರಡುವಾಗಲೇ ರೋಮಿಂಗ್ ಹಾಕಿಸಿದ್ದರಿಂದ ಎರಡು ನಿಮಿಷದಲ್ಲಿ ನೆಟ್‌ವರ್ಕ್ ಹಿಡಿಯಿತು. ನಾಲ್ಕು ದಿನ ಬಿಟ್ಟು ಮಿಲಾನ್ ರೈಲು ಸಿಂಪ್ಲನ್ ಸುರಂಗ ದಾಟಿ ಇಟಲಿಯ ಡೊಮೊಡೊಸೋಲಾದಲ್ಲಿ ನಿಂತಾಗ, ನನ್ನ ಮೊಬೈಲಿನಲ್ಲಿದ್ದ ಫ್ರಾನ್ಸಿನ ಸಿಮ್ ಏನೂ ಆಗೇ ಇಲ್ಲವೇನೋ ಅನ್ನುವಂತೆ ತಾನಾಗಿ ಜೀವ ಪಡೆದುಕೊಂಡಿತು.