ನಾಲ್ಕು ವರ್ಷದ ಬೇಸ್ ಪ್ರೀಆಂಪ್: ಸದ್ದು ಎಲ್ಲಿ ಸಿಕ್ಕಿಕೊಂಡಿತ್ತು

ಈ ಪ್ರೀಆಂಪ್ ಪೆಡಲ್ ನನ್ನ ಕೈಗೆ ಬಂದು ಯುಗಾದಿಗೆ ನಾಲ್ಕು ವರ್ಷ ತುಂಬಿತು. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಏರಿಸಿ, ಸ್ವರ ತಿದ್ದಿ, ಸ್ಪೀಕರ್ ಓಡಿಸುವ ಪವರ್ ಆಂಪ್‌ಗೆ ಕಳಿಸುವ ಡಬ್ಬಿ ಇದು. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟ ತೊಂದರೆ ಅವರೊಬ್ಬರದೇ ಅಲ್ಲ, ಈ ಜಾತಿಯ ಎಷ್ಟೋ ಪೆಡಲ್‌ಗಳಲ್ಲಿ ಇದೆ. ಟೋನ್ ಗುಂಡಿಗಳು, ಡ್ರೈವ್, ಲೆವೆಲ್, ಪಕ್ಕದಲ್ಲಿ ಪಿ-38 (ಗಿಟಾರ್ ಕೇಬಲ್‌ನ ಕಾಲು ಇಂಚಿನ ಪಿನ್) ಔಟ್, ಹಿಂದೆ ಕ್ಯಾನನ್ (ಮೈಕ್ ಕೇಬಲ್‌ನ ಮೂರು ಪಿನ್ನಿನದು, ಎಕ್ಸ್‌ಎಲ್‌ಆರ್) ಔಟ್, ಒಳಗೆ 9 ವೋಲ್ಟ್ ಬ್ಯಾಟರಿ. ಬೇಸ್ ಗಿಟಾರ್ ನುಡಿಸುವವರು ಇಂಥದ್ದನ್ನು ನೋಡೇ ಇರುತ್ತೀರಿ, ಅದರ ವಿವರಕ್ಕೆ ಹೋಗುವುದಿಲ್ಲ.

ನನ್ನ ಊರು ಕೋಲಾರದ ಪಕ್ಕದ ಹಳ್ಳಿ. ಬೆಳಿಗ್ಗೆ, ಸಂಜೆ ಹಾಲಿನ ಡೈರಿಯಲ್ಲಿ ಕೆಲಸ; ಕಾರ್ಯಕ್ರಮ ಇದ್ದ ರಾತ್ರಿ ಆರ್ಕೆಸ್ಟ್ರಾದಲ್ಲಿ ಬೇಸ್. ಗಣೇಶನ ಹಬ್ಬ, ರಾಜ್ಯೋತ್ಸವ, ಜಾತ್ರೆ, ಮದುವೆ ರಿಸೆಪ್ಷನ್. ಒಂದು ರಾತ್ರಿಗೆ ನನಗೆ ಸಿಗುವುದು 1,500 ರೂಪಾಯಿ. ಪೆಡಲ್ ಸೆಕೆಂಡ್ ಹ್ಯಾಂಡ್, 6,500ಕ್ಕೆ ತಗೊಂಡೆ. 4 ಓಮ್‌ಗೆ 400 ವ್ಯಾಟ್ ಕೊಡುವ ಪವರ್ ಆಂಪ್ 14,000. ಎರಡು 12 ಇಂಚಿನ ಸ್ಪೀಕರ್ ಇರುವ ಬಾಕ್ಸ್ ಮೊದಲೇ ಇತ್ತು. 8 ಓಮ್‌ನವು ಎರಡು, ಪ್ಯಾರಲಲ್, ಅಂದರೆ 4 ಓಮ್. ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಕಾಂಬೋ ಆಂಪ್ ಯಾಕೆ ತಗೊಳ್ಳಲಿಲ್ಲ ಅಂದರೆ, ನನಗೆ ಬೇಕಾದ ಸದ್ದಿನ ಕಾಂಬೋ ನನ್ನ ಬಜೆಟ್‌ನಲ್ಲಿ ಇರಲಿಲ್ಲ. ಬಿಡಿಬಿಡಿಯಾಗಿ ಕೂಡಿಸಿದರೆ ಒಂದು ಕೆಟ್ಟರೆ ಒಂದನ್ನು ರಿಪೇರಿ ಮಾಡಿಸಬಹುದು.

ಮೊದಲ ವರ್ಷ ಈ ಪೆಡಲ್ ಮೇಲೆ ನನಗೆ ಎಂಥ ಪ್ರೀತಿ ಬಂತೆಂದರೆ, ಸಂಜೆ ಹಾಲಿನ ಲೆಕ್ಕ ಮುಗಿಸಿ ಮನೆಗೆ ಬಂದವನೇ ಕೈಕಾಲು ತೊಳೆದು ಅದರ ಮುಂದೆ ಕೂತುಬಿಡುತ್ತಿದ್ದೆ. ಹಳೇ ಪಂಚೆಯ ಒಂದು ತುಂಡು ಇಟ್ಟುಕೊಂಡಿದ್ದೇನೆ, ಅದರಲ್ಲಿ ನಾಲ್ಕು ತಂತಿಯನ್ನೂ ಒಂದು ಸಲ ಒರೆಸುವುದು. ಗಿಟಾರಿನ ವಾಲ್ಯೂಮ್ ಇಳಿಸಿ ಕೇಬಲ್ ಸಿಕ್ಕಿಸುವುದು. ಇನ್‌ಪುಟ್‌ಗೆ ಪಿನ್ ಹಾಕಿದಾಗಲೇ ಬ್ಯಾಟರಿ ಶುರುವಾಗುತ್ತದೆ, ಆ ಪುಟ್ಟ ಕೆಂಪು ದೀಪ ಒಮ್ಮೆ ಕಣ್ಣು ಬಿಡುತ್ತದೆ. ಆಮೇಲೆ ಕೊನೆಯಲ್ಲಿ ಪವರ್ ಆಂಪ್‌ನ ಸ್ವಿಚ್. ಆರಿಸುವಾಗ ಪವರ್ ಆಂಪ್ ಮೊದಲು, ಪೆಡಲ್ ಕೊನೆಗೆ. ಈ ಸರದಿ ತಪ್ಪಿದರೆ ಸ್ಪೀಕರ್ ಎದೆಗೆ ಗುದ್ದಿದಂತೆ ‘ಧಡ್’ ಅನ್ನುತ್ತದೆ. ನಾಲ್ಕು ವರ್ಷದಲ್ಲಿ ಎರಡೇ ಸಲ ತಪ್ಪಿದ್ದೇನೆ. ನುಡಿಸಿದ ಮೇಲೆ ಪಿನ್ ಕಿತ್ತಿಡುವುದನ್ನು ಮರೆತರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಕುಸಿದಿರುತ್ತದೆ, ಹಾಗಾಗಿ ಮಲಗುವ ಮುಂಚೆ ಎದ್ದು ಹೋಗಿ ಇನ್ನೊಮ್ಮೆ ನೋಡಿ ಬರುವುದು ಅಭ್ಯಾಸವಾಗಿದೆ. ಅಡಾಪ್ಟರ್ ಹಾಕಬಹುದು. ನಮ್ಮ ಮನೆಯ ಅರ್ಥಿಂಗ್‌ಗೆ ಅದು ಗುಂಯ್ ಅನ್ನುತ್ತದೆ, ಬ್ಯಾಟರಿಯೇ ನಿಶ್ಶಬ್ದ.

ಸ್ವರದ ಬಗ್ಗೆ ಇವತ್ತಿಗೂ ದೂರಿಲ್ಲ. ಡ್ರೈವ್ ಚೂರೇ ಚೂರು ಕೊಟ್ಟರೆ ತಂತಿಗೆ ಒಂದು ಗರಗರ ಬರುತ್ತದೆ, ಹಳೇ ವಾಲ್ವ್ ಆಂಪ್‌ನಲ್ಲಿ ಕೇಳಿಸುವ ಹಾಗೆ. 80ರ ದಶಕದ ಮೆಲೊಡಿಗಳಲ್ಲಿ ಬೇಸ್ ತಾನೇ ಒಂದು ಪಾತ್ರವಾಗಿ ನಡೆಯುವ ಜಾಗಗಳಿವೆಯಲ್ಲ, ಅಲ್ಲಿ ಈ ಪೆಡಲ್ ಇಲ್ಲದೆ ನುಡಿಸಲು ನನಗೆ ಈಗ ಮನಸ್ಸೇ ಬರುವುದಿಲ್ಲ.

ಮನೆಯಲ್ಲಿ ಇದೆಲ್ಲ. ಸ್ಟೇಜಿನ ಮೇಲೆ ಬೇರೆ.

ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ಗಣೇಶ ಬಿಡುವ ದಿನದ ಕಾರ್ಯಕ್ರಮ. ಬಯಲು, ಸುತ್ತ ಒಂದು ಗೋಡೆಯಿಲ್ಲ. ಮೈಕ್‌ಸೆಟ್‌ನವರ ಮಿಕ್ಸರ್‌ನಲ್ಲಿ ಚಾನೆಲ್ ಖಾಲಿ ಇಲ್ಲ, “ನಿಮ್ದು ನೀವೇ ನೋಡ್ಕೊಳ್ಳಿ ಅಣ್ಣಾ” ಅಂದರು. ರಿದಂ ಪ್ಯಾಡ್ ಶುರುವಾಯಿತು. ನಾನು ನುಡಿಸುತ್ತಿದ್ದೇನೆ, ಬೆರಳಿಗೆ ತಂತಿ ತಾಗುತ್ತಿದೆ, ಕಿವಿಗೆ ಏನೂ ಬರುತ್ತಿಲ್ಲ. ಪೆಡಲ್‌ನ ಲೆವೆಲ್ ಪೂರ್ತಿ, ಪವರ್ ಆಂಪ್‌ನ ಗುಂಡಿ ಪೂರ್ತಿ. ಎರಡನೇ ಹಾಡಿಗೆ ಗಾಯಕ ತಿರುಗಿ “ಬೇಸ್ ಇದ್ಯಾ?” ಅಂತ ಸನ್ನೆ ಮಾಡಿದ. ಎರಡೂವರೆ ಗಂಟೆ ಹಾಗೇ ನುಡಿಸಿದೆ. ವಾಪಸ್ ಬರುವಾಗ ಟೆಂಪೋದಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಅಂಗಡಿಯಲ್ಲಿ ಕೇಳಿದರೆ ಒಂದೇ ಉತ್ತರ: ವ್ಯಾಟ್ ಸಾಲಲ್ಲ. ನಂಬಿದೆ. ಚೀಟಿ ಎತ್ತಿ 23,000 ಕೊಟ್ಟು 800 ವ್ಯಾಟ್‌ನದು ತಂದೆ. ಹಳೆಯದರ ಎರಡರಷ್ಟು ತೂಕ. ಸದ್ದು? ಇಲ್ಲ ಅನ್ನಲಾರೆ, ಒಂದು ಬೆರಳಷ್ಟು ಏರಿತು. ಆ ವರ್ಷವೆಲ್ಲ ಪೆಡಲ್ ಮೇಲೆ ಸಿಟ್ಟು. ಮಾರಿಬಿಡಲು ಎರಡು ಸಲ ಫೋಟೊ ತೆಗೆದಿದ್ದೆ.

ಉಳಿಸಿದವರು ರಾಬರ್ಟ್‌ಸನ್‌ಪೇಟೆಯ ಒಬ್ಬ ಹಿರಿಯರು. ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಆಂಪ್ ರಿಪೇರಿ ಮಾಡಿಕೊಂಡು ಇರುವವರು, ಹರೆಯದಲ್ಲಿ ಬ್ಯಾಂಡ್‌ನಲ್ಲಿ ಬೇಸ್ ನುಡಿಸಿದವರು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಊರು ಅದು. ಅಲ್ಲಿನವರಿಗೆ ವೋಲ್ಟ್, ಆಂಪಿಯರ್ ಮನೆಮಾತು. ಹಗುರವಾದ ಹಳೇ ಆಂಪನ್ನೇ ಬೈಕಿಗೆ ಕಟ್ಟಿಕೊಂಡು ಹೋದೆ.

ಅವರು ನನ್ನ ದೂರನ್ನು ಅರ್ಧಕ್ಕೇ ನಿಲ್ಲಿಸಿದರು. “ಕೆಂಪು ಲೈಟ್ ಯಾವತ್ತಾದ್ರೂ ಹತ್ತಿದೆಯೇನಪ್ಪಾ?”

ಆಂಪ್ ಮುಂದೆ ಇರುವ ಕ್ಲಿಪ್ ದೀಪದ ಬಗ್ಗೆ, ಅಂದರೆ ಆಂಪ್ ತನ್ನ ಮಿತಿ ಮುಟ್ಟಿದಾಗ ಹತ್ತುವ ದೀಪದ ಬಗ್ಗೆ ಕೇಳಿದ್ದು. ಒಂದು ದಿನವೂ ಹತ್ತಿಲ್ಲ. ಅದು ಒಳ್ಳೆಯದು, ಆಂಪ್ ಸುರಕ್ಷಿತವಾಗಿದೆ ಅಂತ ನಾನು ತಿಳಿದಿದ್ದೆ.

“ಹಾಗಾದ್ರೆ ನಿನ್ನ ಆಂಪ್ ಇನ್ನೂ ಕೆಲ್ಸಾನೇ ಶುರು ಮಾಡಿಲ್ಲ. ಬೋರ್‌ವೆಲ್‌ನಲ್ಲಿ ನೀರೇ ಇಲ್ಲ, ನೀನು 10 ಎಚ್‌ಪಿ ಮೋಟ್ರು ಇಳಿಸ್ತಾ ಇದೀಯ.”

ಕೋಲಾರದವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಮೀಟರ್ ತೆಗೆದರು. ಎ ತಂತಿ ಮೀಟಲು ಹೇಳಿದರು. ಅದು 55 ಹರ್ಟ್ಸ್, ಮನೆಯ ಕರೆಂಟ್ 50 ಹರ್ಟ್ಸ್, ಎರಡೂ ಹತ್ತಿರ ಇರುವುದರಿಂದ ಎಸಿ ಅಳೆಯುವ ಮೀಟರ್‌ಗೆ ಪರಿಚಯದ ಸ್ವರ ಅಂದರು. (ಮನೆಯಲ್ಲಿ ಮಾಡಿ ನೋಡುವವರಿಗೆ: ಎಸಿಯಲ್ಲಿ 200, 750 ವೋಲ್ಟ್ ಮಾತ್ರ ಇರುವ ಅಗ್ಗದ ಮೀಟರ್ ಬೇಡ, 2 ವೋಲ್ಟ್ ಅಳತೆ ಇರುವುದು ಬೇಕು.) ಪೆಡಲ್‌ನ ಪಿ-38 ಔಟ್‌ನಲ್ಲಿ ಅಂಕಿ ಕುಣಿದು ಕುಣಿದು 0.3 ವೋಲ್ಟ್ ಆಸುಪಾಸಿಗೆ ನಿಂತಿತು. ಪವರ್ ಆಂಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ: 1.4 ವೋಲ್ಟ್. ಅಂದರೆ 1.4 ಒಳಗೆ ಹೋದರೆ ಮಾತ್ರ ಅದು ಪೂರ್ತಿ 400 ವ್ಯಾಟ್ ಕೊಡುತ್ತದೆ.

ಸ್ಪೀಕರ್ ಕಡೆ ಅಳೆದರೆ ಎಂಟೂವರೆ ವೋಲ್ಟ್. ರಟ್ಟಿನ ಮೇಲೆ ಪೆನ್ಸಿಲಲ್ಲಿ ಬರೆದರು: ಎಂಟೂವರೆಯನ್ನು ಎಂಟೂವರೆಯಿಂದ ಗುಣಿಸಿ 4 ಓಮ್‌ನಿಂದ ಭಾಗಿಸು. 18 ವ್ಯಾಟ್.

ನಾಲ್ಕು ನೂರು ವ್ಯಾಟ್‌ನ ಆಂಪ್‌ನಲ್ಲಿ, ಸಾವಿರ ಜನದ ಮುಂದೆ, ನಾನು ಮೂರು ವರ್ಷ ನುಡಿಸಿದ್ದು 18 ವ್ಯಾಟ್. ಚೀಟಿ ಎತ್ತಿ ತಂದ ಹೊಸ ಆಂಪ್‌ಗೂ ಬೇಕಾದದ್ದು ಅದೇ 1.4 ವೋಲ್ಟ್. ಅದರ ಲೆಕ್ಕವನ್ನೂ ಪಕ್ಕದಲ್ಲೇ ಬರೆದರು: 36. ವ್ಯಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬೆಲ್. ಆ ಒಂದು ಬೆರಳಿನಷ್ಟು ಸದ್ದಿಗೆ 23,000 ರೂಪಾಯಿ. ಕೈ ತಣ್ಣಗಾಯಿತು. ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಸದೆ ಒಂದು ಲೀಟರ್ ಹಾಲನ್ನೂ ನಾನು ಸೇರಿಸುವುದಿಲ್ಲ. ಇಲ್ಲಿ ಮೀಟರ್ ಇಡಬೇಕು ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಪವರ್ ಆಂಪ್‌ನ ಮುಂದಿನ ಗುಂಡಿ ಸದ್ದು ಹುಟ್ಟಿಸುವುದಲ್ಲ, ಬಂದದ್ದನ್ನು ತಡೆಯುವುದು. ಪೂರ್ತಿ ತಿರುಗಿಸಿದರೆ ತಡೆ ತೆಗೆದ ಹಾಗೆ, ಅಷ್ಟೇ.

ಪರಿಹಾರ ಪೆಡಲ್‌ನಲ್ಲೇ ಇತ್ತು. ಕ್ಯಾನನ್ ಔಟ್ ಪಕ್ಕ ಒಳಕ್ಕೆ ಹುದುಗಿರುವ, ಕಡ್ಡಿಯಿಂದಲೇ ತಳ್ಳಬೇಕಾದ ಒಂದು ಸ್ವಿಚ್: ಮೈಕ್, ಲೈನ್. ಮೈಕ್ ಕಡೆ ಇದ್ದರೆ ಮಿಕ್ಸರ್‌ನ ಮೈಕ್ ಚಾನೆಲ್‌ಗೆ ತಕ್ಕಂತೆ ಸಿಗ್ನಲ್ ತೀರಾ ಇಳಿಯುತ್ತದೆ. ಲೈನ್ ಕಡೆ ತಳ್ಳಿ ಕ್ಯಾನನ್ ಕೇಬಲ್ ಹಾಕಿ ಅಳೆದರೆ 1 ವೋಲ್ಟ್. ನಾನು ಬಳಸುತ್ತಿದ್ದ ಪಿ-38 ಔಟ್ ಇನ್ನೊಂದು ಗಿಟಾರ್ ಆಂಪ್‌ನ ಮುಂದಿನ ಇನ್‌ಪುಟ್‌ಗೆಂದು ಮಾಡಿದ್ದು, ನೇರ ಪವರ್ ಆಂಪ್‌ಗೆ ಅಲ್ಲ. ಆ ಕೇಬಲ್ ಮನೆಯಲ್ಲಿತ್ತು ಅಂತ ಅದನ್ನೇ ಹಾಕಿದ್ದೆ. ಒಳ್ಳೆ ಕ್ಯಾನನ್ ಕೇಬಲ್‌ಗೆ ಕೊಟ್ಟದ್ದು 450 ರೂಪಾಯಿ. 1 ವೋಲ್ಟ್ ಒಳಗೆ ಹೋದರೆ ಹಳೇ ಆಂಪ್ ಕೊಡುವುದು ಸುಮಾರು 200 ವ್ಯಾಟ್. ಹತ್ತು ಪಟ್ಟಿಗೂ ಮೇಲೆ. ಕಿವಿಗೆ ಅದು ಹತ್ತು ಪಟ್ಟಾಗಿ ಕೇಳಿಸುವುದಿಲ್ಲ, ಸುಮಾರು ಎರಡು ಪಟ್ಟು. ಆದರೆ ಸ್ಟೇಜಿನ ಮೇಲೆ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಿನ ದೂರ ಅಷ್ಟೇ.

ನಿಮ್ಮ ಪ್ರೀಆಂಪ್‌ನಲ್ಲಿ ಲೈನ್ ಔಟ್ ಇಲ್ಲದಿದ್ದರೆ ಪವರ್ ಆಂಪ್‌ನ ಹಿಂದೆ ನೋಡಿ. ಕೆಲವಕ್ಕೆ 1.4 ಮತ್ತು 0.775 ವೋಲ್ಟ್ ಅಂತ ಒಂದು ಸ್ವಿಚ್ ಇರುತ್ತದೆ. 0.775ಕ್ಕೆ ಹಾಕಿದರೆ ಕಡಿಮೆ ಸಿಗ್ನಲ್‌ಗೇ ಆಂಪ್ ತುಂಬುತ್ತದೆ, ಜೊತೆಗೆ ಹಿಸ್ (ಸುಯ್ ಅನ್ನುವ ಸದ್ದು) ಕೂಡ ಸ್ವಲ್ಪ ಏರುತ್ತದೆ. ನನ್ನದರಲ್ಲೂ ಅದು ಇದೆ. ಲೈನ್ ಸಿಕ್ಕ ಮೇಲೆ ಅದನ್ನು ಮುಟ್ಟಬೇಡ ಅಂದರು ಅಂಕಲ್. ಎರಡೂ ಮಾಡಿದರೆ ಜೋರಾಗಿ ಮೀಟಿದಾಗ ಸ್ವರ ಒಡೆಯುತ್ತದೆ.

ಇಷ್ಟಾದ ಮೇಲೆ ಅವರು ನನ್ನ ಟೋನ್ ಗುಂಡಿಗಳನ್ನು ನೋಡಿ ತಲೆ ಆಡಿಸಿದರು. ಬೇಸ್ (ತಗ್ಗಿನ ಸ್ವರದ ಗುಂಡಿ) ಪೂರ್ತಿ ಏರಿಸಿ, ಮಿಡ್ (ನಡುವಿನ ಸ್ವರದ್ದು) ಇಳಿಸಿದ್ದೆ. ಮನೆಯಲ್ಲಿ ಹಾಗೆ ಇಟ್ಟರೆ ಬೆಣ್ಣೆಯಂಥ ಸ್ವರ. ಕಾರಣ ನಮ್ಮ ಕಿವಿಯಲ್ಲಿದೆ: ಸದ್ದು ಸಣ್ಣದಾದಷ್ಟೂ ತಗ್ಗಿನ ಸ್ವರ ಕಿವಿಗೆ ಇನ್ನಷ್ಟು ಕಡಿಮೆ ಕೇಳಿಸುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್, ಮನ್ಸನ್ 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದಾರೆ. ಮಲಗಿರುವ ಮಕ್ಕಳು ಏಳದ ಹಾಗೆ ನುಡಿಸುವಾಗ ಬೇಸ್ ಏರಿಸಬೇಕೆನಿಸುವುದು ಸಹಜ. ಅದೇ ಗುಂಡಿಗಳನ್ನು ಸ್ಟೇಜಿಗೆ ಒಯ್ದದ್ದು ತಪ್ಪು. ಬೇಸ್ 10 ಡೆಸಿಬೆಲ್ ಏರಿಸಿದರೆ ಆ ತಗ್ಗಿನ ಸ್ವರಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಇ ತಂತಿಯ 41 ಹರ್ಟ್ಸ್ ಬಯಲಿನಲ್ಲಿ ಕರಗಿಹೋಗುತ್ತದೆ, ಆಂಪ್ ಅದಕ್ಕೇ ದಣಿಯುತ್ತದೆ. ಬೇಸ್ ನಡುವಿಗೆ ತಂದು ಮಿಡ್ ಸ್ವಲ್ಪ ಏರಿಸಿದರು. ಒಂಟಿಯಾಗಿ ಕೇಳಿದರೆ ಸ್ವರ ಮೂಗಿನಲ್ಲಿ ಮಾತಾಡಿದ ಹಾಗಿತ್ತು, ನನಗೆ ಹಿಡಿಸಲೇ ಇಲ್ಲ. “ಒಬ್ಬನೇ ನುಡಿಸಕ್ಕೆ ಹೋಗ್ತೀಯಾ ಅಥವಾ ಎಂಟು ಜನದ ಜೊತೆನಾ?” ಅಂದರು.

ಮೊದಲ ಪರೀಕ್ಷೆ ಶ್ರೀನಿವಾಸಪುರದ ಒಂದು ರಿಸೆಪ್ಷನ್. ಹಳೇ 400 ವ್ಯಾಟ್ ಆಂಪನ್ನೇ ಒಯ್ದೆ. ಬಾಕ್ಸನ್ನು ಕುರ್ಚಿ ಮೇಲೆ ಇಡದೆ ನೆಲಕ್ಕೆ, ಹಿಂದಿನ ಗೋಡೆಗೆ ಹತ್ತಿರ ಇಟ್ಟೆ. ತಗ್ಗಿನ ಸ್ವರಕ್ಕೆ ಅದರಿಂದ ಬಲ ಬರುತ್ತದೆ. ಮೊದಲ ಹಾಡಿನ ಮೊದಲ ಚರಣಕ್ಕೆ ಬಂದಾಗ ಪ್ಯಾಡ್ ನುಡಿಸುವ ನಮ್ಮ ಹುಡುಗ ಥಟ್ಟನೆ ತಿರುಗಿ ನನ್ನ ಬಾಕ್ಸ್ ಕಡೆ ನೋಡಿದ, ಆಮೇಲೆ ನನ್ನನ್ನು ನೋಡಿ ನಕ್ಕ. ಆ ರಾತ್ರಿ ಅವನ ಕಿಕ್ ಏಟು, ನನ್ನ ತಂತಿ ಒಟ್ಟೊಟ್ಟಿಗೆ ಬಿದ್ದವು. ಮೂರು ವರ್ಷದಿಂದ ನಾವಿಬ್ಬರೂ ಜೊತೆಗೆ ನುಡಿಸಿದ್ದೇವೆ, ಜೊತೆಗೆ ಕೇಳಿಸಿಕೊಂಡದ್ದು ಅವತ್ತೇ. ಪವರ್ ಆಂಪ್‌ನ ಕೆಂಪು ದೀಪ ಜೋರಿನ ಜಾಗದಲ್ಲಿ ಎರಡು ಸಲ ಮಿಂಚಿತು. ನನಗೆ ಕಣ್ಣು ತುಂಬಿ ಬಂತು, ನಿಜ ಹೇಳುತ್ತಿದ್ದೇನೆ.

ಅದರಿಂದ ಪೆಡಲ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿದದ್ದು ಒಂದು ಅಂಕ, ಅದು ಕಂಪನಿ ಜೊತೆಗಿಟ್ಟ ಆ ಒಂದು ಹಾಳೆಗೆ. ಎರಡು ಔಟ್‌ಗಳಲ್ಲಿ ಯಾವುದರಲ್ಲಿ ಎಷ್ಟು ವೋಲ್ಟ್ ಬರುತ್ತದೆ ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಆ ಒಂದು ಸಾಲು ಇದ್ದಿದ್ದರೆ ನನ್ನ ಚೀಟಿ ಹಣ ಉಳಿಯುತ್ತಿತ್ತು. ಬ್ಯಾಟರಿ ಮುಚ್ಚಳದ ಕೊಕ್ಕೆ ಎರಡನೇ ವರ್ಷವೇ ಮುರಿಯಿತು, ಇನ್ಸುಲೇಷನ್ ಟೇಪ್ ಹಾಕಿದ್ದೇನೆ, ಅದಕ್ಕೆ ಅಂಕ ಕಡಿಯುವುದಿಲ್ಲ. ಬ್ಯಾಟರಿ ಇಳಿಯುತ್ತಾ ಬಂದಾಗ ಜೋರಿನ ಸ್ವರ ಬೇಗ ಒಡೆಯುತ್ತದೆ, ಹಾಗಾಗಿ ಕಾರ್ಯಕ್ರಮದ ದಿನ ಹೊಸದನ್ನೇ ಹಾಕುತ್ತೇನೆ. ಇಳಿದದ್ದು ಮನೆಯ ಅಭ್ಯಾಸಕ್ಕೆ ಸಾಕು.

800 ವ್ಯಾಟ್‌ನದು ಮಂಚದ ಕೆಳಗಿದೆ. ಚೀಟಿಗೆ ಇನ್ನೂ ಐದು ಕಂತು ಕಟ್ಟಬೇಕು. ಪೆಡಲ್‌ನ ಆ ಒಳಗಿನ ಸ್ವಿಚ್ ಪಕ್ಕ, ಲೈನ್ ಇರುವ ಕಡೆ, ಮಗಳ ಉಗುರು ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಿದ್ದೇನೆ. ತಂತಿ ಒರೆಸಿದ ಮೇಲೆ, ಕೇಬಲ್ ಹಾಕುವ ಮುಂಚೆ, ಈಗ ಪೆಡಲ್ ಎತ್ತಿ ಆ ಚುಕ್ಕೆ ನೋಡುತ್ತೇನೆ.